ಸುಂದರಾಳ ತುಪ್ಪದ ಪಥ್ಯ

ನಿಮ್ಮ ಓಣಿಯಲ್ಲೂ ಇಂಥ ಒಂದು ಮಗು ಇದ್ದೀತು. ಮಾತಾಡುತ್ತ ಮಾತಾಡುತ್ತ ನಡುವೆಯೇ ನಿಂತುಬಿಡುತ್ತದೆ. ಕಣ್ಣು ತೆರೆದೇ ಇರುತ್ತವೆ, ನೋಟ ಮಾತ್ರ ಎಲ್ಲೋ ಹೋಗಿರುತ್ತದೆ. ಕರೆದರೆ ಓಗೊಡುವುದಿಲ್ಲ. ಸ್ವಲ್ಪ ಹೊತ್ತಿಗೆ ತಿರುಗಿ ಬಂದು, ಏನೂ ಆಗಿಲ್ಲವೆಂಬಂತೆ ಆಟಕ್ಕೆ ಹತ್ತುತ್ತದೆ. ಮನೆಯವರು ಬೈಯುತ್ತಾರೆ, ಮಾಸ್ತರರು ಕಿವಿ ಹಿಂಡುತ್ತಾರೆ, ನೆರೆಯವರು ತಲೆಗೊಂದು ಮಾತಾಡುತ್ತಾರೆ. ಡಾಕ್ಟರರ ಹತ್ತಿರ ಕರೆದೊಯ್ಯಬೇಕೆಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ನಾನು ಹೇಳುವ ಮಗು ಇದ್ದದ್ದು ಬ್ರಿಟಿಷರ ಕಾಲದಲ್ಲಿ, ಹತ್ತೊಂಬತ್ತುನೂರ ಮೂವತ್ತರ ಆಚೀಚೆ. ಹುಕ್ಕೇರಿ ತಾಲೂಕಿನಲ್ಲಿ, ಘಟಪ್ರಭೆಯ ದಂಡೆಯ ಒಂದು ಊರು. ಅಲ್ಲಿ ತವನಪ್ಪನೆಂಬ ಜೈನ ರೈತನಿಗೆ ಕಬ್ಬಿನ ಹೊಲವಿತ್ತು, ಮನೆಯ ಹಿಂದೆಯೇ ಬೆಲ್ಲದ ಗಾಣವಿತ್ತು. ಹೆಂಡತಿ ಸೀತಾಬಾಯಿ. ಒಬ್ಬಳೇ ಮಗಳು, ಸುಂದರಾ. ಮನೆಯ ಹಿರಿಯಳು ತವನಪ್ಪನ ತಾಯಿ ಜಿನ್ನವ್ವ. ಆಕೆಯ ಮಾತನ್ನು ಮೀರಿ ಆ ಮನೆಯಲ್ಲಿ ಒಲೆ ಕೂಡ ಹೊತ್ತುತ್ತಿರಲಿಲ್ಲ ಎಂದು ಊರವರು ನಗೆಯಾಡುತ್ತಿದ್ದರು.

ಸುಂದರಾ ದಿನಕ್ಕೆ ಎಷ್ಟೋ ಸಲ ಹೀಗೆ "ಹೋಗಿ" ಬರುತ್ತಿದ್ದಳು. ಜಿನ್ನವ್ವ ಅದನ್ನು ರೋಗವೆಂದು ಎಂದೂ ತಿಳಿದಿರಲಿಲ್ಲ. ಪದ್ಮಾವತಿ ದೇವಿ ಮಗುವಿನ ಮೇಲೆ ಬರುತ್ತಾಳೆ ಎಂದೇ ಆಕೆಯ ನಂಬಿಕೆ. ಚಳಿಗಾಲದ ಮುಂಜಾನೆ ಹೊಳೆಯ ಮಂಜು ಅಂಗಳಕ್ಕೆ ಬಂದು, ಗಾಣದ ಬೆಲ್ಲದ ಹಬೆಯಲ್ಲಿ ಬೆರೆಯುತ್ತಿತ್ತು. ಆ ಬೆಳ್ಳನೆಯ ಕತ್ತಲಲ್ಲಿ ಮೊಮ್ಮಗಳು ಕಣ್ಣು ನೆಟ್ಟು ನಿಂತರೆ ಜಿನ್ನವ್ವನ ಮೈ ಜುಮ್ಮೆನ್ನುತ್ತಿತ್ತು. ಮೆಲ್ಲಗೆ ಹತ್ತಿರ ಹೋಗಿ, ಯಾರಿಗೂ ಕೇಳದಂತೆ ಮಗುವಿನ ಕಿವಿಯಲ್ಲಿ ಹೇಳುತ್ತಿದ್ದಳು:

"ಅಲ್ಲಿ ನಿಮ್ಮ ಅಜ್ಜ ಸಿಕ್ರ, ನಾ ಆರಾಮ ಅದೇನಿ ಅಂತ ಹೇಳವ್ವಾ."

ಅಜ್ಜ ಪಾಯಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಸುಂದರಾ ಹೋಗುವ ಊರು ಅವನಿರುವ ಊರೇ ಇರಬೇಕೆಂದು ಮುದುಕಿ ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು. ಮುದಿ ಜೀವಕ್ಕೆ ಅದೊಂದು ಆಸರೆ. ಯಾರಾದರೂ ಅದನ್ನು ಸುಳ್ಳೆಂದರೆ ಆಕೆಗೆ ಸಿಟ್ಟು ಬರುವುದು ಸಹಜವೇ.

ಸುದ್ದಿ ಹಬ್ಬಿತು. ಶುಕ್ರವಾರ ಬಂತೆಂದರೆ ಹೆಂಗಸರು ಅರಿಷಿಣ ಕುಂಕುಮ ಹಿಡಿದು ಬಂದು ಕೂಡುತ್ತಿದ್ದರು. ಹುಡುಗಿ ಕಣ್ಣು ನೆಟ್ಟು ನಿಂತಾಗ ಪ್ರಶ್ನೆ ಕೇಳುವುದು, ತಿರುಗಿ ಬಂದಾಗ ಆಡಿದ ಮೊದಲ ಮಾತನ್ನೇ ಉತ್ತರವೆಂದು ಹಿಡಿಯುವುದು. ಒಮ್ಮೆ ಒಬ್ಬಳು ಮಗಳ ಲಗ್ನ ಎಂದು ಆಗುತ್ತದೆಂದು ಕೇಳಿದಳು. ಸುಂದರಾ ಎಚ್ಚೆತ್ತು ಅಜ್ಜಿಯತ್ತ ತಿರುಗಿ, "ಆಯಿ, ನನ್ನ ಗಜ್ಜುಗ ಎಲ್ಲಿ ಅದಾವ?" ಎಂದಳು. ಆ ಪುಣ್ಯಾತ್ಗಿತ್ತಿ ಕೈಮುಗಿದು, ಸಂತೋಷದಿಂದ ಮನೆಗೆ ಹೋದಳು. ಏನು ತಿಳಿದಳೋ ಆಕೆಗೇ ಗೊತ್ತು.

ಆದರೆ ಹೋಗಿ ಬರುವುದಷ್ಟೇ ಆಗಿದ್ದರೆ ಈ ಕಥೆ ಬೇಕಾಗಿರಲಿಲ್ಲ. ಬರಬರುತ್ತ ಹುಡುಗಿ ನಿಂತಲ್ಲೇ ಕುಸಿದು ಬೀಳತೊಡಗಿದಳು. ಹಣೆ ಒಡೆಯಿತು, ತುಟಿ ಸೀಳಿತು. ಎರಡು ಸಲ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ತವನಪ್ಪ ಪೇಟೆಯ ಡಾಕ್ಟರರಿಂದ ಗುಳಿಗೆ ತಂದ. ಅದರಿಂದ ಸೆಟೆಯುವುದು ಕಡಿಮೆಯಾಯಿತು, ಬೀಳುವುದು ನಿಲ್ಲಲಿಲ್ಲ. ಮೇಲಾಗಿ ಹುಡುಗಿ ಹಗಲೆಲ್ಲ ತೂಕಡಿಸತೊಡಗಿದಳು.

ಒಂದು ಮುಂಜಾನೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಸುಂದರಾ ಒಲೆಯ ಬಾಜೂ ನಿಂತಿದ್ದವಳು ನೋಡುನೋಡುತ್ತ ಕಣ್ಣು ನೆಟ್ಟಳು. ಸೀತಾಬಾಯಿ ಕಬ್ಬಿನ ಹೊರೆ ಬಿಸಾಡಿ ಓಡಿಬಂದು, ಕೊಪ್ಪರಿಗೆಯ ಅಂಚಿನಿಂದ ಮಗಳನ್ನು ಎಳೆದುಕೊಂಡಳು. ಕುದಿಯುವ ಹಾಲು ಸಿಡಿದು ತಾಯಿಯ ಮೊಣಕೈ ಸುಟ್ಟಿತು. ಮಗಳು ಬದುಕಿದಳು, ಆದರೆ ಅರಿವಿಲ್ಲದೆ ಕುಸಿದವಳನ್ನು ಮನೆಯೊಳಗೆ ಎತ್ತಿ ತಂದರು.

ಗದ್ದಲ ಕೇಳಿ ಮೊದಲು ಓಡಿಬಂದವಳು ಕುರುಬರ ಮಾಯವ್ವ. ಕುರಿ, ಎಮ್ಮೆ ಸಾಕಿಕೊಂಡು ಬೆಣ್ಣೆ ಮಾರುವ ಹೆಂಗಸು. ಆಕೆಯ ಹಿಂದೆಯೇ ಇನ್ನೊಬ್ಬಳು ಮೂಗಿಗೆ ಹಿಡಿಯಲು ಜಜ್ಜಿದ ಉಳ್ಳಾಗಡ್ಡಿ, ಕೈಯಲ್ಲಿ ಹಿಡಿಸಲು ಕಬ್ಬಿಣದ ತುಂಡು ತಂದಿದ್ದಳು. ನೆಲದಡಿಯ ಗಡ್ಡೆ ತಿನ್ನದ ಜೈನರು, ಉಳ್ಳಾಗಡ್ಡಿ ಹೊಸ್ತಿಲು ದಾಟದ ಮನೆ ಅದು. ಜಿನ್ನವ್ವ ಅಂಥ ಸಂಕಟದಲ್ಲೂ ಬಾಗಿಲಿಗೆ ಅಡ್ಡ ನಿಂತು, ಒಳಗೆ ಬಿಡಲೋ ಬೇಡವೋ ಎಂದು ತಿಳಿಯದೆ ಒದ್ದಾಡಿದಳು.

"ಉಳ್ಳಾಗಡ್ಡಿ ಬ್ಯಾಡ, ಕಬ್ಬಿಣಾನೂ ಬ್ಯಾಡ," ಎಂದಳು ಮಾಯವ್ವ. "ಕೂಸಿನ್ನ ಒಂದು ಮಗ್ಗಲಕ್ಕ ಹೊರಳಿಸ್ರಿ. ಬಾಯಾಗ ಏನೂ ಇಡಬ್ಯಾಡ್ರಿ. ಗಾಳಿ ಬಿಡ್ರಿ. ತಾನ ಎಚ್ಚರ ಆಗತೈತಿ."

"ನಿನಗ ಯಾರ ಹೇಳ್ಯಾರ?" ಎಂದಳು ಜಿನ್ನವ್ವ.

"ಗೋಕಾಕದ ಡಾಕ್ಟರಬಾಯಿ. ಸಂತಿ ದಿನಾ ಆಕಿ ಮನಿಗೆ ಬೆಣ್ಣಿ ಕೊಡ್ತೇನಿ. ಮೂರ್ಛಿ ಬರೂ ಹುಡುಗರಿಗೆ ಆಕಿ ಊಟದಾಗನ ಔಷಧ ಮಾಡ್ತಾಳ ಜಿನ್ನಕ್ಕಾ. ರೊಟ್ಟಿ ಬಿಡಸ್ತಾಳ, ಬೆಲ್ಲ ಬಿಡಸ್ತಾಳ, ತುಪ್ಪ, ಕೆನಿ ತಿನಸ್ತಾಳ. ನನ್ನ ತಂಗೀ ಮಗಳಿಗೆ ಭಾಳ ಫರಕ ಆಗೇತಿ."

"ಬೆಣ್ಣಿ ಮಾರಾಕಿ ತುಪ್ಪಾ ತಿನ್ಸು ಅನ್ನದ ಮತ್ತೇನ ಅಂದಾಳು?" ಎಂದು ಜಿನ್ನವ್ವ ಕೊಂಕು ನುಡಿದಳು.

ಮಾಯವ್ವ ಬೇಸರಪಡಲಿಲ್ಲ. "ಬೆಣ್ಣಿ ಬ್ಯಾರೆ ಕಡೆ ತಗೋರಿ. ಕೂಸಿನ್ನ ಅಷ್ಟು ಕರಕೊಂಡ ಹೋಗ್ರಿ."

ಸೀತಾಬಾಯಿ ಅತ್ತೆಯ ಎದುರು ಅಂದಿನವರೆಗೆ ದನಿ ಎತ್ತಿದವಳಲ್ಲ. ಆ ದಿನ ಸುಟ್ಟ ಕೈಯನ್ನು ಸೆರಗಿನಲ್ಲಿ ಹಿಡಿದುಕೊಂಡು ಹೇಳಿದಳು: "ದೇವಿ ಆಗಿದ್ರ ಕೂಸಿನ್ನ ಕೊಪ್ಪರಿಗಿಗೆ ದೂಕ್ತಿದ್ದಿಲ್ಲ ಅತ್ತೀ. ನಾ ಗೋಕಾಕಕ್ಕ ಹೋಗಾಕಿ."

ಮರುದಿನ ಚಕ್ಕಡಿ ಹೂಡಿದಾಗ ಎಲ್ಲರಿಗಿಂತ ಮೊದಲು ಜಿನ್ನವ್ವನೇ ಹತ್ತಿ ಕೂತಳು, ಮೊಮ್ಮಗಳನ್ನು ಯಾರೋ ಹೆರವರ ಕೈಗೆ ಕೊಡಲು ಆಕೆಗೆ ಮನಸ್ಸಿರಲಿಲ್ಲ.

ಡಾಕ್ಟರಬಾಯಿ ಮುಂಬೈಯಲ್ಲಿ ಕಲಿತು ಬಂದವಳು. ಸುಂದರಾಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಣ್ಣು ನೋಡಿದಳು, ನಾಲಿಗೆ ನೋಡಿದಳು, ಹುಟ್ಟಿದಂದಿನಿಂದ ಏನೇನಾಯಿತೆಂದು ಕೇಳಿದಳು. ಆಮೇಲೆ ಹೇಳಿದಳು:

"ಇದು ಮೂರ್ಛಿರೋಗ. ದೆವ್ವಾ ಅಲ್ಲ, ದೇವ್ರೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಹತ್ತೂ ಬ್ಯಾನಿನೂ ಅಲ್ಲ. ಮಿದುಳಿನಾಗ ಒಮ್ಮೊಮ್ಮೆ ಕಿಡಿ ಹಾರಿಧಂಗ ಆಗತೈತಿ, ಆಗ ಕೂಸಿಗೆ ಅರವು ಇರೂದಿಲ್ಲ. ಗುಳಿಗಿ ಕೊಟ್ರೂ ನಿಲ್ಲದ ಕೆಲವು ಮಕ್ಕಳಿಗೆ ಈ ತುಪ್ಪದ ಪಥ್ಯ ಹಿಡಿಸತೈತಿ. ಅಮೇರಿಕಾದಾಗ ದವಾಖಾನಿಯೊಳಗ ಮಾಡಿ ನೋಡ್ಯಾರ."

"ತುಪ್ಪದಿಂದ ಕಿಡಿ ಹೆಚ್ಚಾಗೂದ ನಾವು ನೋಡೇವಿ, ಆರೂದ ನೋಡಿಲ್ಲ," ಎಂದಳು ಜಿನ್ನವ್ವ.

ಡಾಕ್ಟರಬಾಯಿಗೆ ನಗು ಬಂತು. "ಖರೆ ಆಯಿ. ಆದ್ರ ಕೇಳ್ರಿ. ನಮ್ಮ ಮೈ ರೊಟ್ಟಿ, ಅನ್ನ, ಬೆಲ್ಲ ಸುಟ್ಟು ಶಕ್ತಿ ಮಾಡ್ಕೋತೈತಿ. ಅವು ಸಿಗಲಿಲ್ಲ ಅಂದ್ರ ಕೊಬ್ಬು ಸುಡತೈತಿ. ಉಪವಾಸದಾಗ ಆಗೂದು ಇದ. ಕೊಬ್ಬು ಸುಡೂ ಮುಂದ ಕೆಲವು ಮಕ್ಕಳಿಗೆ ಮೂರ್ಛಿ ಕಡಿಮಿ ಆಗತೈತಿ. ಯಾಕ ಅಂತ ನಮಗೂ ಪೂರಾ ತಿಳಿದಿಲ್ಲ. ಯಾವಾಗ್ಲೂ ಉಪವಾಸ ಇಡಾಕ ಬರೂದಿಲ್ಲಲ್ಲ, ಅದಕ್ಕ ತುಪ್ಪ ಕೊಟ್ಟು ಅದನ್ನ ಮಾಡಸ್ತೇವಿ."

ಉಪವಾಸವೆಂದ ಕೂಡಲೆ ಜಿನ್ನವ್ವ ನಿಮಿರಿ ಕೂತಳು. ಹೋದ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ಹೊತ್ತಿಗೆ, ಹುಡುಗಿ ಹಟ ಹಿಡಿದು ಅಜ್ಜಿಯ ಜೊತೆ ಉಪವಾಸವಿದ್ದಳು. ಆಗ ಒಮ್ಮೆಯೂ ಕಣ್ಣು ನೆಟ್ಟಿರಲಿಲ್ಲ. ದೇವಿಗೆ ವ್ರತ ಮೆಚ್ಚುಗೆಯಾಯಿತೆಂದು ಜಿನ್ನವ್ವ ಊರೆಲ್ಲ ಹೇಳಿ ಬಂದಿದ್ದಳು. ಈಗ ಅದನ್ನೇ ಸಣ್ಣ ದನಿಯಲ್ಲಿ ಡಾಕ್ಟರಬಾಯಿಗೆ ಹೇಳಿದಳು.

"ಮತ್ತೇನ, ನೀವ ನನಗಿಂತ ಮೊದಲ ಕಂಡೀರಿ," ಎಂದಳು ಡಾಕ್ಟರಬಾಯಿ.

"ನಮ್ಮಾಗ ರಸತ್ಯಾಗ ಅಂತ ಮಾಡ್ತೇವ್ರಿ ಬಾಯಾರ. ಒಂದ ದಿನ ಉಪ್ಪು ಬಿಡೂದು, ಒಂದ ದಿನ ತುಪ್ಪ ಬಿಡೂದು, ಒಂದ ದಿನ ಸೀ ಬಿಡೂದು."

"ಹಂಗಾರ ಇದನ್ನ ಸೀ ಬಿಡೂ ವ್ರತ ಅಂತ ತಿಳೀರಿ ಆಯಿ. ರೊಟ್ಟಿ, ಅನ್ನಾನೂ ಅದರಾಗ ಬಂತು."

ವ್ರತವೆಂದ ಮೇಲೆ ಜಿನ್ನವ್ವನಿಗೆ ದಾರಿ ಗೊತ್ತಾಯಿತು. ವ್ರತ ಹಿಡಿಯುವುದರಲ್ಲಿ ಆಕೆಯನ್ನು ಮೀರಿಸುವವರು ಸುತ್ತ ಯಾವ ಊರಲ್ಲೂ ಇರಲಿಲ್ಲ. ಈ ಮಾತೇ ಮುಂದೆ ಎಡವಟ್ಟು ಮಾಡಿತು, ಅದನ್ನು ಆಮೇಲೆ ಹೇಳುತ್ತೇನೆ.

ಸುಂದರಾಳನ್ನು ದವಾಖಾನೆಯಲ್ಲೇ ಇಟ್ಟುಕೊಂಡರು. ಆ ಕಾಲದ ಪದ್ಧತಿಯಂತೆ ಮೊದಲು ಬರೀ ನೀರಿನ ಮೇಲೆ ಇಟ್ಟು, ಡಾಕ್ಟರಬಾಯಿ ಹಗಲೂ ಇರುಳೂ ಕಾಯ್ದಳು. ಮೊಮ್ಮಗಳು ಉಣ್ಣದಿದ್ದರೆ ಅಜ್ಜಿ ಉಂಡಾಳೆಯೇ? ಆಕೆಯೂ ನೀರಿನ ಮೇಲೆಯೇ ಇದ್ದಳು. ಹಸಿವಿನಿಂದ ಇಬ್ಬರಿಗೂ ಮಂಪರು. ಕಿಟಕಿಯಾಚೆ ಗೋಕಾಕದ ಗುಡ್ಡಗಳು ನೀಲಿಯಾಗಿ ಕರಗಿದಂತೆ ಕಾಣುತ್ತಿದ್ದವು, ದೂರದಲ್ಲಿ ನೀರು ಧುಮುಕುವ ಸದ್ದು ಕೇಳಿದಂತೆಯೂ ಆಗುತ್ತಿತ್ತು. ಮಗು ಕಣ್ಣು ನೆಡುತ್ತದೆಯೇ ಎಂದು ಅಜ್ಜಿ ನೋಡುತ್ತಲೇ ಇದ್ದಳು. ಮಗು ಅವಳನ್ನೇ ನೋಡುತ್ತ, ನಗುತ್ತ ಮಲಗಿತ್ತು.

ಕೊನೆಗೆ ಡಾಕ್ಟರಬಾಯಿ ಮಗುವಿನ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಿಡಿದು, ಅದಕ್ಕೆ ಏನೋ ಪುಡಿ, ಏನೋ ನೀರು ಹಾಕಿದಳು. ನಡುವೆ ನೇರಳೆ ಹಣ್ಣಿನ ಬಣ್ಣದ ಗೆರೆ ಮೂಡಿತು.

"ಈ ಬಣ್ಣ ಬಂದ್ರ ಮೈಯಾಗ ಕೊಬ್ಬು ಸುಡಾಕತ್ತೈತಿ ಅಂತ ತಿಳೀಬೇಕು," ಎಂದಳು.

ಮನೆಗೆ ಬಂದ ಮೇಲೆ ಅಡಿಗೆಮನೆಯ ಕಾರಭಾರವೇ ಬದಲಾಯಿತು. ಡಾಕ್ಟರಬಾಯಿ ಕೊಟ್ಟ ಸಣ್ಣ ತಕ್ಕಡಿಯಲ್ಲಿ ತೂಗಿಯೇ ಊಟ. ದಪ್ಪ ಕೆನೆ, ತುಪ್ಪದಲ್ಲಿ ಬಾಡಿಸಿದ ರಾಜಗಿರಿ ಸೊಪ್ಪು, ಸವತೆಕಾಯಿ, ಕೊಬ್ಬರಿ, ನೀರು ಬಸಿದ ಗಟ್ಟಿ ಮೊಸರು. ಎಲ್ಲದಕ್ಕೂ ಅಳತೆ. ಮಾಯವ್ವ ಬೆಣ್ಣೆ ತರುತ್ತಿದ್ದಳು. ಬೆಣ್ಣೆಯನ್ನು ಹಾಗೇ ತಿನ್ನುವುದು ಜೈನರ ಧರ್ಮದಲ್ಲಿಲ್ಲ, ಬಂದ ಕೂಡಲೆ ಕಾಸಬೇಕು. ಜಿನ್ನವ್ವ ಆಕೆಯ ಹೆಜ್ಜೆಯ ಸದ್ದು ಕೇಳಿದೊಡನೆ ಒಲೆ ಹೊತ್ತಿಸಿ ಇಡುತ್ತಿದ್ದಳು. "ನನ್ನ ಬೆಣ್ಣಿಗೆ ಉಸಿರು ಬಿಡಾಕೂ ಪುರಸೊತ್ತ ಕೊಡೂದಿಲ್ಲ ನೀವು," ಎಂದು ಮಾಯವ್ವ ಛೇಡಿಸುತ್ತಿದ್ದಳು.

ಸುಲಭವಾಗಿತ್ತೆಂದು ನಾನು ಸುಳ್ಳು ಹೇಳುವುದಿಲ್ಲ. ಬಿಸಿ ರೊಟ್ಟಿಯ ವಾಸನೆಗೆ ಹುಡುಗಿ ಅಳುತ್ತಿದ್ದಳು. ಕೆನೆ ವಾಕರಿಕೆ ಬರಿಸುತ್ತಿತ್ತು. ಹೊಟ್ಟೆ ಕಟ್ಟಿ ಎರಡೆರಡು ದಿನ ಒದ್ದಾಡುತ್ತಿದ್ದಳು, ಅದಕ್ಕೆ ನೀರು ಹೆಚ್ಚಿಸಲು ಡಾಕ್ಟರಬಾಯಿ ಹೇಳಿಕಳಿಸಿದಳು. ಗಾಣದ ಮನೆಯ ಮಗು ಬೆಲ್ಲ ಮುಟ್ಟಬಾರದೆಂದರೆ ಅದೇನು ಸಣ್ಣ ಮಾತೇ? ಗಾಣಕ್ಕೆ ಬಂದವರ ಕೈಗೆಲ್ಲ ಬಿಸಿ ಬೆಲ್ಲ ಬೀಳುತ್ತಿತ್ತು, ಮನೆಯ ಮಗಳ ಕೈ ಮಾತ್ರ ಬರಿದು. ಅದನ್ನು ನೋಡಲಾರದೆ ಜಿನ್ನವ್ವ ತಾನೂ ಸಿಹಿ ಬಿಟ್ಟಳು.

ಆದರೆ ಹುಡುಗಿ ಬೀಳುವುದು ಕಡಿಮೆಯಾಯಿತು. ಕಣ್ಣು ನೆಡುವುದು ಅಪರೂಪವಾಯಿತು. ಗಾಣದ ಎತ್ತಿನ ಹಿಂದೆ ಹಾಡು ಹೇಳುತ್ತ ಸುತ್ತುವಷ್ಟು ಗೆಲುವಾದಳು.

ಒಂದು ಬೆಳಗ್ಗೆ ಮಂಜಿನಲ್ಲಿ ಜಿನ್ನವ್ವ ಮೊಮ್ಮಗಳ ಎದುರು ಕೂತು ಬಹಳ ಹೊತ್ತು ಕಾಯ್ದಳು. ಮಗು ಎಲ್ಲೂ ಹೋಗಲಿಲ್ಲ. "ಏನ ನೋಡಾಕತ್ತಿ ಆಯಿ?" ಎಂದು ಕೇಳಿತು. ಆಕೆಗೆ ಸಂತೋಷವೂ ಆಯಿತು, ದುಃಖವೂ ಆಯಿತು. ಪಾಯಪ್ಪನಿಗೆ ಸುದ್ದಿ ಮುಟ್ಟಿಸುವ ಬಾಗಿಲು ಮುಚ್ಚಿತಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾಘದ ಚಳಿಗೆ ಸುಂದರಾಳಿಗೆ ಕೆಮ್ಮು ಹತ್ತಿತು. ವಾರವೂ ಕಳೆಯಲಿಲ್ಲ, ಹುಡುಗಿ ಮತ್ತೆ ಬಾಗಿಲಲ್ಲೇ ಕುಸಿದಳು. ಮರುದಿನ ಕೈಕಾಲು ಸೆಟೆದವು. ಶುಕ್ರವಾರದ ಹೆಂಗಸರಿಗೆ ಇಷ್ಟು ಸಾಕಾಗಿತ್ತು. ದೇವಿಯನ್ನು ತುಪ್ಪ ಹಾಕಿ ಓಡಿಸಲು ಹೋದರು, ಆಕೆ ಸಿಟ್ಟಾದಳು ಎಂದರು. ತವನಪ್ಪ ತಕ್ಕಡಿಯನ್ನು ಗೋಡೆಯ ಮಾಡದಲ್ಲಿಟ್ಟು, "ಸಾಕು. ಇವತ್ತಿಂದ ಕೂಸಿಗೆ ರೊಟ್ಟಿ ಕೊಡ್ರಿ. ಸಾಯೂದಿದ್ರ ಹೊಟ್ಟಿ ತುಂಬ ಉಂಡ ಸಾಯ್ಲಿ," ಎಂದ. ಅಂದವನೇ ಗಾಣದ ಹಿಂದೆ ಹೋಗಿ ಅತ್ತ.

ಸೀತಾಬಾಯಿ ಮಾತ್ರ ಬಿಡಲಿಲ್ಲ. "ಡಾಕ್ಟರಬಾಯಿನ್ನ ಕೇಳದ ನಾ ಬಿಡಾಕಿ ಅಲ್ಲ," ಎಂದು ಚಕ್ಕಡಿ ಹೂಡಿಸಿದಳು.

ಗೋಕಾಕದಲ್ಲಿ ಡಾಕ್ಟರಬಾಯಿ ಮತ್ತೆ ಗಾಜಿನ ನಳಿಗೆ ಹಿಡಿದಳು. ಪುಡಿ ಹಾಕಿದಳು, ನೀರು ಹಾಕಿದಳು. ನೇರಳೆ ಬಣ್ಣ ಬರಲೇ ಇಲ್ಲ.

"ಏನೋ ಸೀ ಹೊಟ್ಟ್ಯಾಗ ಹೋಗೈತಿ," ಎಂದಳು.

"ಇಲ್ರಿ," ಎಂದಳು ಸೀತಾಬಾಯಿ.

"ಯಾರರೆ ಪ್ರಸಾದ ಕೊಟ್ರೇನು?"

"ನನ್ನ ಕಣ್ಣ ತಪ್ಪಿಸಿ ಒಂದ ಕಾಳ ಹೋಗಿಲ್ರಿ," ಎಂದಳು ಜಿನ್ನವ್ವ. "ನಾ ವ್ರತ ಮುರಿಯಾಕಿ ಅಲ್ಲ. ಊಟ ತೂಗಿದ್ದು, ನೀರು ಸೋಸಿದ್ದು. ಕೆಮ್ಮಿಗೆ ಔಷಧ ಕೊಟ್ಟದ್ದು, ಅಷ್ಟ."

"ಎಂಥಾ ಔಷಧ ಆಯಿ?"

"ಮನ್ಯಾಗಿಂದು. ಸುಂಠಿ, ಮೆಣಸು ಕುಟ್ಟಿದ್ದು."

"ಬರೇ ಪುಡಿ ತಿಂತಾ ಕೂಸು?"

"ಬರೇ ಪುಡಿ ಹೆಂಗ ತಿಂದೀತ್ರಿ, ಖಾರ ಆಗತೈತಿ. ಹೆರವರು ಜೇನಿನ್ಯಾಗ ಕೊಡ್ತಾರ, ನಮಗ ಜೇನು ನಡೆಯೂದಿಲ್ಲ. ನಾವು ಬೆಲ್ಲದ ಪಾಕದಾಗ ಕಲಸಿ..."

ಯಾವ ವ್ರತಕ್ಕಾದರೂ ಔಷಧದ ಅಡ್ಡಿಯಿಲ್ಲ ಎಂದು ಜಿನ್ನವ್ವ ಚಿಕ್ಕಂದಿನಿಂದ ನಡೆದುಕೊಂಡು ಬಂದವಳು. ಔಷಧವನ್ನು ತಿನಿಸೆಂದು ಆಕೆ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮುಂಜಾನೆಗೊಮ್ಮೆ, ಸಂಜೆಗೊಮ್ಮೆ, ತನ್ನ ಕೈಯಾರೆ, ಪ್ರೀತಿಯಿಂದ ಬೆಲ್ಲ ನೆಕ್ಕಿಸಿದ್ದಳು.

"ಅವ್ವಯ್ಯ, ನಾನ ಕೆಡವಿದ್ನೇನ್ರಿ ಕೂಸಿನ್ನ?" ಎಂದು ಆಕೆ ನೆಲಕ್ಕೆ ಕೂತಳು.

ಡಾಕ್ಟರಬಾಯಿಯೂ ಆಕೆಯ ಪಕ್ಕ ನೆಲದ ಮೇಲೇ ಕೂತಳು. "ವ್ರತ ಅಂತ ಹೇಳಿದಾಕಿ ನಾನ ಆಯಿ. ವ್ರತದಾಗ ಔಷಧಕ್ಕ ರಿಯಾಯ್ತಿ ಇರತೈತಿ ಅಂತ ನನಗ ಗೊತ್ತಿರಲಿಲ್ಲ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ಅಳಬ್ಯಾಡ್ರಿ. ಪಥ್ಯ ಸೋತಿಲ್ಲ. ಪಥ್ಯ ಖರೆನ ಕೆಲಸ ಮಾಡತಿತ್ತು ಅಂತ ಈಗ ತಿಳೀತು. ಇನ್ನ ಮ್ಯಾಲ ಔಷಧ ಇರ್ಲಿ, ತೀರ್ಥ ಇರ್ಲಿ, ಕೂಸಿನ ನಾಲಿಗಿ ಮುಟ್ಟೂದೆಲ್ಲಾ ನನಗ ಕೇಳಿ ಕೊಡ್ರಿ."

ಅವರು ಮನೆಗೆ ಬಂದ ಮೇಲೆ ತವನಪ್ಪ ತಾನೇ ತಕ್ಕಡಿಯನ್ನು ಮಾಡದಿಂದ ಇಳಿಸಿದ. ಸುಂಠಿ ಪುಡಿಯನ್ನು ಜಿನ್ನವ್ವ ತುಪ್ಪದಲ್ಲಿ ಕಲಸಿಕೊಟ್ಟಳು, ಅದೂ ಡಾಕ್ಟರಬಾಯಿ ಹೂಂ ಅಂದ ಮೇಲೆ. ನೇರಳೆ ಬಣ್ಣ ತಿರುಗಿ ಬಂತು. ಹೊಳೆಯ ಮಂಜು ಹೋಗಿ ಬಿಸಿಲು ಬಂತು, ಬಿಸಿಲು ಹೋಗಿ ಮಳೆ ಬಂತು. ಹುಡುಗಿ ಬೀಳುವುದು ನಿಂತಿತು. ಗುಳಿಗೆಯನ್ನು ಡಾಕ್ಟರಬಾಯಿಯೇ ಸ್ವಲ್ಪ ಸ್ವಲ್ಪವಾಗಿ ಇಳಿಸಿದಳು. ಮುಂದೆ ಕೆಲವು ವರ್ಷಗಳಿಗೆ ಪಥ್ಯವನ್ನೂ ಹಾಗೆಯೇ ಮೆಲ್ಲಗೆ ಬಿಡಿಸಿದಳು.

ಆದರೆ ಅದಕ್ಕೂ ಮೊದಲಿನ ಒಂದು ಶುಕ್ರವಾರದ ಮಾತು ಹೇಳಬೇಕು. ಮೂಡಲಗಿ ಕಡೆಯಿಂದ ಸಾತವ್ವ ಎಂಬ ಹೆಂಗಸು ಬಂದಳು. ಬಿಸಿಲಲ್ಲಿ ನಡೆದು ಕಾಲಲ್ಲಿ ಬೊಕ್ಕೆ ಎದ್ದಿದ್ದವು. ಕೈಯಲ್ಲಿ ಕುಂಕುಮದ ಪೊಟ್ಟಣ, ಕಂಕುಳಲ್ಲಿ ನಾಲ್ಕೈದು ವರ್ಷದ ಕೂಸು, ಅದರ ಹಣೆಯ ಮೇಲೆ ಹಳೆಯ, ಹೊಸ ಗಾಯಗಳು. ದೇವಿ ಬರುವ ಹುಡುಗಿಯ ಪಾದಕ್ಕೆ ಕೂಸನ್ನು ಹಾಕಬೇಕೆಂದು ಬಂದಿದ್ದಳು. ಆಕೆಯ ಬೆನ್ನ ಹಿಂದೆಯೇ ಓಣಿಯ ಹೆಂಗಸರೆಲ್ಲ ಬಂದು ಕೂಡಿದರು. ಸಾತವ್ವ ನೋಡುತ್ತಿದ್ದಂತೆಯೇ ಆಕೆಯ ಕೂಸು ಕಣ್ಣು ನೆಟ್ಟಿತು. ಜಿನ್ನವ್ವನಿಗೆ ಆ ನೋಟ ಗುರುತಿತ್ತು. ಒಂದು ಕ್ಷಣ ಆ ಕಿವಿಯಲ್ಲೂ ಪಾಯಪ್ಪನ ಹೆಸರು ಹೇಳಿಬಿಡೋಣವೆಂದು ಆಕೆಯ ಜೀವ ಆಸೆಪಟ್ಟಿತು. ಬಾಯವರೆಗೆ ಬಂದ ಮಾತನ್ನು ನುಂಗಿದಳು.

"ಯವ್ವಾ, ಕುಂಕುಮ ಇಳಿಸು," ಎಂದಳು ಎಲ್ಲರಿಗೂ ಕೇಳುವ ಹಾಗೆ. "ನಮ್ಮ ಮನ್ಯಾಗ ದೇವಿ ಬರತಿದ್ದಿಲ್ಲ. ನನ್ನ ಮೊಮ್ಮಗಳಿಗೆ ಬ್ಯಾನಿ ಇತ್ತು. ನಾ ಬ್ಯಾನಿಗೆ ಪೂಜಿ ಮಾಡಸ್ತಿದ್ದೆ. ನಿನ್ನ ಕೂಸಿಗೂ ಅದ ಬ್ಯಾನಿ ಐತಿ. ಒಂದೀಟು ಮಜ್ಜಿಗಿ ಕುಡಿ, ಚಕ್ಕಡಿ ಹೂಡಸ್ತೇನಿ. ನಾನೂ ಬರ್ತೇನಿ ಗೋಕಾಕಕ್ಕ."

ಚಕ್ಕಡಿಯಲ್ಲಿ ದಾರಿಯುದ್ದಕ್ಕೂ ಆ ಕೂಸು ಜಿನ್ನವ್ವನ ತೊಡೆಯ ಮೇಲಿತ್ತು. ಅದು ಕಣ್ಣು ನೆಟ್ಟಾಗಲೆಲ್ಲ ಆಕೆ ಹೇಳುತ್ತಿದ್ದದ್ದು ಒಂದೇ ಮಾತು: "ಬಾ ಮಗಾ, ಇಲ್ಲೇ ಬಾ."

ಓದಿದವರೇ, ಕೇಳಿದವರೇ, ನಿಮಗೂ ಇದೇ ನನ್ನ ಬೇಡಿಕೆ. ನಿಮ್ಮ ಮನೆಯ ಮಗು ಕಣ್ಣು ನೆಟ್ಟು ನಿಂತರೆ, ಕುಸಿದು ಬಿದ್ದರೆ, ಕೈಕಾಲು ಸೆಟೆದರೆ ಡಾಕ್ಟರರ ಬಳಿ ಹೋಗಿ. ಮೂರ್ಛೆ ಬಂದಾಗ ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, ಐದು ನಿಮಿಷದೊಳಗೆ ನಿಲ್ಲದಿದ್ದರೆ ಕೂಡಲೆ ಆಸ್ಪತ್ರೆಗೆ ಓಡಿ. ಹೆಚ್ಚು ಮಕ್ಕಳಿಗೆ ಗುಳಿಗೆಯೇ ಸಾಕು. ಗುಳಿಗೆ ಸಾಲದ ಕೆಲವರಿಗೆ ಈ ಪಥ್ಯ ಇಂದಿಗೂ ಇದೆ, ಕೀಟೋಜೆನಿಕ್ ಆಹಾರ ಎನ್ನುತ್ತಾರೆ. ಈಗ ಅದಕ್ಕಾಗಿ ಮಗುವನ್ನು ಉಪವಾಸ ಇರಿಸಲೇಬೇಕೆಂದಿಲ್ಲ. ಎಲ್ಲ ಮಕ್ಕಳಿಗೂ ಅದು ಹಿಡಿಸುವುದಿಲ್ಲ, ಕೆಲವರಿಗೆ ಅಪಾಯವೂ ಹೌದು. ಅದಕ್ಕೇ ಈ ಕಥೆ ಕೇಳಿ ನಾಳೆಯೇ ಮಗುವಿಗೆ ತುಪ್ಪ ಸುರಿಯಲು ಹೋಗಬೇಡಿ, ನಡೆಯುತ್ತಿರುವ ಗುಳಿಗೆಯನ್ನೂ ನಿಲ್ಲಿಸಬೇಡಿ. ತಿಳಿದ ಡಾಕ್ಟರರು ಪರೀಕ್ಷೆ ಮಾಡಿ, ಅಳತೆ ಹಾಕಿಕೊಟ್ಟ ಮೇಲೆಯೇ ಪಥ್ಯ. ಪಥ್ಯ ಹಿಡಿದ ಮೇಲೆ ಕೆಮ್ಮಿನ ಸಿಹಿ ಔಷಧವನ್ನೂ ಕೇಳಿಯೇ ಕೊಡಿ.

ಇನ್ನು ಓಣಿಯವರಿಗೆ ಒಂದು ಮಾತು. ಅಂಥ ಮಗುವಿನ ಎದುರು ಕೈಮುಗಿಯಲೂ ಬೇಡಿ, ಅದನ್ನು ಕಂಡು ದೂರ ಸರಿಯಲೂ ಬೇಡಿ. ಅದರ ತಾಯಿಯ ಜೊತೆ ದವಾಖಾನೆಯವರೆಗೆ ನಡೆದುಹೋಗಿ.